ಒಂದು ಗುಂಡಿ, ಹತ್ತು ಹೊಡೆತ: ಮೊದಲ ಸಲ ಗಾಲ್ಫ್ ಆಡುವವರಿಗೆ ನಿಯಮಗಳ ಲೆಕ್ಕ

2021ರ ಆಗಸ್ಟ್ 7, ಶನಿವಾರ. ಬೆಳಗ್ಗೆ ಕಾಫಿ ಲೋಟ ಹಿಡಿದುಕೊಂಡು ಮನೆಮಂದಿಯೆಲ್ಲ ಟೀವಿ ಮುಂದೆ ಕೂತಿದ್ದೆವು. ಅದೂ ಗಾಲ್ಫ್ ನೋಡಲು! ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಆ ಆಟವನ್ನು ಯಾರೂ ಎರಡು ನಿಮಿಷಕ್ಕಿಂತ ಜಾಸ್ತಿ ನೋಡಿದ್ದಿಲ್ಲ. ಆದರೆ ಅವತ್ತು ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕಕ್ಕೆ ತೀರಾ ಹತ್ತಿರ ಇದ್ದರು. ಜೊತೆಗೆ ಬ್ಯಾಗ್ ಹೊತ್ತು ನಡೆಯುತ್ತಿದ್ದ ಕ್ಯಾಡಿ ಅವರ ತಾಯಿಯೇ. ಪರದೆಯ ಮೂಲೆಯಲ್ಲಿ ಅದಿತಿ ಹೆಸರಿನ ಮುಂದೆ ಮೈನಸ್ 15 ಅಂತ ಇತ್ತು. ಅಮ್ಮ ಕನ್ನಡಕ ಏರಿಸಿಕೊಂಡು ಕೇಳಿದರು: "ಮೈನಸ್ ಅಂದ್ರೆ ಪಾಪ, ಸೋಲ್ತಾ ಇದ್ದಾಳಾ?"

ಯಾರಿಗೂ ತಕ್ಷಣ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ನನಗಂತೂ ಅವಮಾನವೇ ಆಯಿತು. ಅಮ್ಮನ ಪ್ರಶ್ನೆಯಿಂದಲೇ ಈ ಲೇಖನ ಶುರು ಮಾಡುತ್ತೇನೆ.

ಗಾಲ್ಫ್‌ನಲ್ಲಿ ಕಡಿಮೆ ಹೊಡೆದವರೇ ಗೆದ್ದವರು. ಒಂದು ಕೋರ್ಸ್‌ನಲ್ಲಿ ಸಾಮಾನ್ಯವಾಗಿ 18 ಹೋಲ್‌ಗಳಿರುತ್ತವೆ. ಹೋಲ್ ಅಂದರೆ ಬರೀ ಗುಂಡಿ ಅಲ್ಲ, ಚೆಂಡನ್ನು ಮೊದಲು ಹೊಡೆಯುವ ಟೀ ಜಾಗದಿಂದ ಹಿಡಿದು ಕೊನೆಯ ಗುಂಡಿಯವರೆಗಿನ ಇಡೀ ದಾರಿ. ಒಳ್ಳೆಯ ಆಟಗಾರ ಈ ದಾರಿಯನ್ನು ಎಷ್ಟು ಹೊಡೆತದಲ್ಲಿ ಮುಗಿಸಬೇಕು ಎಂದು ಮೊದಲೇ ಒಂದು ಲೆಕ್ಕ ಹಾಕಿಟ್ಟಿರುತ್ತಾರೆ. ಅದೇ ಪಾರ್. ಹೆಚ್ಚಿನ ಹೋಲ್‌ಗಳ ಪಾರ್ 3, 4 ಅಥವಾ 5. ಅದರಲ್ಲಿ ಎರಡು ಹೊಡೆತ ಗುಂಡಿಯ ಸುತ್ತ ಇರುವ ನುಣುಪು ಹುಲ್ಲಿನ ಗ್ರೀನ್ ಮೇಲೆ ಚೆಂಡು ತಳ್ಳುವುದಕ್ಕೆ. ಹಾಗಾಗಿ ಪಾರ್ 4 ಅಂದರೆ ಎರಡು ಹೊಡೆತದಲ್ಲಿ ಗ್ರೀನ್ ತಲುಪು, ಇನ್ನೆರಡರಲ್ಲಿ ಗುಂಡಿಗೆ ಹಾಕು ಅಂತ. ಪಾರ್‌ಗಿಂತ ಒಂದು ಕಡಿಮೆಯಾದರೆ ಬರ್ಡಿ, ಎರಡು ಕಡಿಮೆಯಾದರೆ ಈಗಲ್, ಒಂದು ಜಾಸ್ತಿಯಾದರೆ ಬೋಗಿ, ಎರಡು ಜಾಸ್ತಿಯಾದರೆ ಡಬಲ್ ಬೋಗಿ.

ಟೋಕಿಯೋದಲ್ಲಿ ಆಡಿದ ಕೋರ್ಸ್‌ನ ಒಟ್ಟು ಪಾರ್ 71. ನಾಲ್ಕು ದಿನಕ್ಕೆ 284. ಅದಿತಿ 269ರಲ್ಲಿ ಮುಗಿಸಿದರು. 15 ಹೊಡೆತ ಕಡಿಮೆ, ಅದೇ ಆ ಮೈನಸ್ 15. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೋರ್ಡಾ ಮೈನಸ್ 17. ಬೆಳ್ಳಿಗಾಗಿ ಪ್ಲೇಆಫ್ (ಸಮ ಆದಾಗ ಆಡಿಸುವ ಹೆಚ್ಚುವರಿ ಆಟ) ಆಡಿದ ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ ಮೈನಸ್ 16. ನಾಲ್ಕು ದಿನ ಬಿಸಿಲಲ್ಲಿ ಬೆವರು ಸುರಿಸಿ ಒಂದೇ ಒಂದು ಹೊಡೆತಕ್ಕೆ ಪದಕ ತಪ್ಪಿತು. ಅಮ್ಮನಿಗೆ ಇದನ್ನು ವಿವರಿಸುವ ಹೊತ್ತಿಗೆ ಅದಿತಿಯ ಕೊನೆಯ ಬರ್ಡಿ ಪ್ರಯತ್ನ ಗುಂಡಿಗೆ ಬೀಳದೆ ಹೋಗಿತ್ತು. ಸಂಜೆ ನೀರಜ್ ಚೋಪ್ರಾ ಜಾವೆಲಿನ್‌ನಲ್ಲಿ ಚಿನ್ನ ಗೆದ್ದರು, ಊರೆಲ್ಲ ಆ ಕಡೆ ತಿರುಗಿತು. ನನಗೆ ಮಾತ್ರ ಆ ಒಂದು ಹೊಡೆತ ತಲೆಯಲ್ಲಿ ಉಳಿದುಬಿಟ್ಟಿತು.

ಒಂದು ಹೊಡೆತಕ್ಕೆ ಅಷ್ಟು ಬೆಲೆ ಇದೆ ಅಂದಮೇಲೆ ಯಾವುದು ಹೊಡೆತ, ಯಾವುದು ಅಲ್ಲ, ಯಾವಾಗ ಸುಮ್ನೆ ಇನ್ನೊಂದು ಸೇರಿಕೊಳ್ಳುತ್ತದೆ ಅನ್ನುವುದು ಗೊತ್ತಿರಬೇಕು, ಅಲ್ವಾ?

ಪುಸ್ತಕ ದಪ್ಪ, ಒಳಗಿರುವುದು ದರಪಟ್ಟಿ

ಗಾಲ್ಫ್‌ನ ಮೊದಲ ಲಿಖಿತ ನಿಯಮಗಳು ಬಂದದ್ದು 1744ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ಪಕ್ಕದ ಲೀತ್‌ನಲ್ಲಿ. ಬರೀ 13 ನಿಯಮ, ಒಂದು ಹಾಳೆಯಲ್ಲಿ ಮುಗಿಯುತ್ತಿತ್ತು. ಈಗ ನಿಯಮ ಮಾಡುವುದು ಎರಡು ಸಂಸ್ಥೆಗಳು: ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿರುವ ಆರ್ ಅಂಡ್ ಎ, ಅಮೆರಿಕದ ಯುಎಸ್‌ಜಿಎ. 2019ರಲ್ಲಿ ಎರಡೂ ಸೇರಿ ದೊಡ್ಡ ಶುಚಿಕಾರ್ಯ ಮಾಡಿ 34 ನಿಯಮಗಳನ್ನು 24ಕ್ಕೆ ಇಳಿಸಿದವು. ಆದರೂ ಒಂದೊಂದರ ಒಳಗೆ ಹತ್ತಾರು ಉಪನಿಯಮ. ಓದಲು ಕೂತರೆ ನಿದ್ದೆ ಗ್ಯಾರಂಟಿ.

ನನ್ನ ಅಭಿಪ್ರಾಯದಲ್ಲಿ ಎಲ್ಲವನ್ನೂ ಓದುವ ಅಗತ್ಯ ಇಲ್ಲ. ಪುಸ್ತಕದ ಮೂಲ ಎರಡೇ ಮಾತು: ಚೆಂಡು ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಹೊಡಿ, ಮೈದಾನ ಹೇಗಿದೆಯೋ ಹಾಗೇ ಆಡು. ಉಳಿದ ಪುಟಗಳೆಲ್ಲ "ಹಾಗೆ ಆಡೋಕೆ ಆಗಲ್ಲ, ಈಗ ಏನ್ಮಾಡ್ಲಿ?" ಎಂಬ ಪ್ರಶ್ನೆಗೆ ಉತ್ತರ. ಅಂದರೆ ಅದೊಂದು ದರಪಟ್ಟಿ. ತೊಂದರೆ ನಿನ್ನ ತಪ್ಪಿನಿಂದ ಬಂದದ್ದಲ್ಲ, ಮೈದಾನದ್ದು ಅಂದರೆ ಪುಕ್ಕಟೆ ಬಿಡುಗಡೆ. ನಿನ್ನ ಕೆಟ್ಟ ಹೊಡೆತದಿಂದ ಸಿಕ್ಕಿಹಾಕಿಕೊಂಡಿದ್ದರೆ ಒಂದು ಹೊಡೆತದ ದಂಡ ಕೊಟ್ಟು ಹೊರಗೆ ಬಾ. ನಿಯಮವನ್ನೇ ಮುರಿದರೆ ಹೆಚ್ಚಾಗಿ ಎರಡು. ಅಪವಾದಗಳಿವೆ, ಆದರೆ ಈ ಮೂರು ದರ ನೆನಪಿದ್ದರೆ ಮೈದಾನದಲ್ಲಿ ಮುಕ್ಕಾಲು ಪಾಲು ಸಂದರ್ಭ ದಾಟಬಹುದು.

ಚಿಕ್ಕವರಿದ್ದಾಗ ಗೋಲಿ ಆಡುವಾಗ ಕಲ್ಲು ಅಡ್ಡ ಬಂದರೆ ಅದನ್ನು ತೆಗೆಯಬಹುದಾ ಇಲ್ವಾ ಅಂತ ಜಗಳ ಆಡುತ್ತಿದ್ದೆವಲ್ಲ, ಅದನ್ನೇ ಇನ್ನೂರೆಂಬತ್ತು ವರ್ಷ ಕೂತು ಬರೆದರೆ ಗಾಲ್ಫ್ ನಿಯಮ ಪುಸ್ತಕ ಆಗುತ್ತದೆ.

ನನ್ನ ಮೊದಲ ಹೋಲ್

ನಿಯಮ ಒಂದೊಂದಾಗಿ ಹೇಳುವ ಬದಲು ನಾನು ಜೀವನದಲ್ಲಿ ಆಡಿದ ಮೊಟ್ಟಮೊದಲ ಹೋಲ್‌ನ ಕಥೆ ಹೇಳುತ್ತೇನೆ. ಬೆಂಗಳೂರಿನ ಹೊರಗಿನ ಒಂದು ಕೋರ್ಸ್. ಕರೆದುಕೊಂಡು ಹೋದವರು ಅಕ್ಕನ ಗಂಡ, ನನ್ನ ಭಾವ. ಬ್ಯಾಗ್ ಹೊತ್ತದ್ದು ಐವತ್ತು ದಾಟಿದ ಒಬ್ಬ ಕ್ಯಾಡಿ. ಅವರ ತಲೆಯಲ್ಲಿ ನಿಯಮ ಪುಸ್ತಕ ಪೂರ್ತಿ ಇತ್ತು. ಹೋಲ್ ಪಾರ್ 4. ಬಲಗಡೆ ಉದ್ದಕ್ಕೂ ಲಂಟಾನ ಪೊದೆ, ಅದರಾಚೆ ಬಿಳಿ ಗೂಟಗಳ ಸಾಲು. ಆ ಒಂದೇ ಹೋಲ್‌ನಲ್ಲಿ ಒಬ್ಬ ಹೊಸಬನಿಗೆ ಆಗಬಹುದಾದದ್ದೆಲ್ಲ ನನಗೆ ಆಯಿತು.

ಟೀ ಜಾಗದಲ್ಲಿ ಎರಡು ಗುರುತು ಇಟ್ಟಿರುತ್ತಾರೆ. ಚೆಂಡನ್ನು ಅವೆರಡರ ನಡುವೆ ಇಡಬೇಕು. ಅವುಗಳಿಂದ ಮುಂದೆ ಇಡುವಂತಿಲ್ಲ, ಹಿಂದೆ ಎರಡು ಕ್ಲಬ್ (ಚೆಂಡು ಹೊಡೆಯುವ ಕೋಲು) ಉದ್ದದೊಳಗೆ ಎಲ್ಲಿ ಬೇಕಾದರೂ ಇಡಬಹುದು. ಚೆಂಡಿನ ಕೆಳಗೆ ಸಣ್ಣ ಮರದ ಮೊಳೆ ಚುಚ್ಚಿಕೊಳ್ಳಲು ಅವಕಾಶ ಇರುವುದು ಇಲ್ಲಿ ಮಾತ್ರ. ನಾನು ಮೊಳೆ ಚುಚ್ಚಿ, ಚೆಂಡು ಇಟ್ಟು, ಸುಮ್ನೆ ಗಾಳಿಯಲ್ಲಿ ಒಂದು ಸಲ ಬೀಸಿ ನೋಡೋಣ ಅಂತ ಬೀಸಿದೆ. ಕ್ಲಬ್ ತುದಿ ತಾಗಿ ಚೆಂಡು ಕೆಳಗೆ ಬಿತ್ತು. ಎದೆ ಧಸಕ್ ಅಂತು.

"ಪರವಾಗಿಲ್ಲ ಸಾರ್, ಹೊಡಿಯೋ ಉದ್ದೇಶ ಇರ್ಲಿಲ್ಲ ಅಲ್ವಾ? ಮತ್ತೆ ಇಡಿ," ಎಂದರು ಕ್ಯಾಡಿ.

ಗಾಲ್ಫ್‌ನಲ್ಲಿ ಹೊಡೆತ ಅಂದರೆ ಚೆಂಡಿಗೆ ಹೊಡೆಯಬೇಕು ಅನ್ನುವ ಉದ್ದೇಶದಿಂದ ಕ್ಲಬ್ಬನ್ನು ಮುಂದಕ್ಕೆ ಬೀಸುವುದು. ಚೆಂಡಿಗೆ ತಾಗಿತೋ ಇಲ್ಲವೋ ಮುಖ್ಯ ಅಲ್ಲ. ಅಭ್ಯಾಸಕ್ಕೆ ಬೀಸಿದ್ದು ಟೀ ಮೇಲಿನ ಚೆಂಡಿಗೆ ತಾಗಿದರೂ ಲೆಕ್ಕಕ್ಕಿಲ್ಲ, ಏಕೆಂದರೆ ಚೆಂಡು ಇನ್ನೂ ಆಟಕ್ಕೇ ಬಂದಿಲ್ಲ. ಇದೇ ಕೆಲಸ ಮುಂದೆ ಟೀಗೂ ಗ್ರೀನ್‌ಗೂ ನಡುವೆ ಹುಲ್ಲು ಕತ್ತರಿಸಿದ ದಾರಿಯ, ಅಂದರೆ ಫೇರ್‌ವೇ ಮೇಲೆ ಮಾಡಿದರೆ ಒಂದು ಹೊಡೆತ ದಂಡ, ಚೆಂಡನ್ನು ಮೊದಲಿದ್ದಲ್ಲೇ ಇಡಬೇಕು.

ಎರಡನೇ ಸಲ ನಿಜವಾಗಿಯೂ ಹೊಡೆಯಲು ಬೀಸಿದೆ. ಕ್ಲಬ್ ಚೆಂಡಿನ ಮೇಲಿಂದ ಹಾದುಹೋಯಿತು. ಚೆಂಡು ಕದಲಲೇ ಇಲ್ಲ. ನಾನು ಭಾವನ ಕಡೆ ನೋಡಿ ನಕ್ಕೆ. ಭಾವ ನಗಲಿಲ್ಲ. "ಒಂದು," ಎಂದರು.

ಮತ್ತೆ ಬೀಸಿದೆ. ಈ ಸಲ ತಾಗಿತು. ಚೆಂಡು ಚೆನ್ನಾಗಿಯೇ ಎದ್ದು, ಬಾಳೆಹಣ್ಣಿನ ಹಾಗೆ ಬಲಕ್ಕೆ ಬಾಗಿ, ಲಂಟಾನದ ಮೇಲೆ ಮಾಯವಾಯಿತು. ಎರಡು.

ಈಗ ಹೊಸಬರು ಗಮನ ಇಟ್ಟು ಓದಬೇಕಾದ ಭಾಗ. ಚೆಂಡು ಕಳೆದುಹೋದರೆ ಅಥವಾ ಬಿಳಿ ಗೂಟದ ಆಚೆ, ಅಂದರೆ ಔಟ್ ಆಫ್ ಬೌಂಡ್ಸ್ ಹೋದರೆ, ದಂಡ ಜೋರು. ಒಂದು ಹೊಡೆತ ಸೇರಿಸಿಕೊಂಡು, ಮೊದಲು ಎಲ್ಲಿಂದ ಹೊಡೆದಿದ್ದೆಯೋ ಅಲ್ಲಿಗೇ ವಾಪಸ್ ಹೋಗಿ ಹೊಡೆಯಬೇಕು. ಹೊಡೆತವೂ ಹೋಯಿತು, ಕ್ರಮಿಸಿದ ದೂರವೂ ಹೋಯಿತು. ಟೀಯಿಂದ ಮೊದಲ ಹೊಡೆತ ಹೊರಗೆ ಹೋದರೆ ಅದೇ ಟೀಯಿಂದ ಮುಂದೆ ಹೊಡೆಯುವುದು ಮೂರನೆಯದು. ಗಡಿಯಲ್ಲಿ ಚೆಂಡಿನ ಸ್ವಲ್ಪ ಭಾಗ ಒಳಗಿದ್ದರೂ ಅದು ಒಳಗೇ. ಇಡೀ ಚೆಂಡು ಆಚೆ ಇದ್ದರೆ ಮಾತ್ರ ಹೊರಗೆ.

ಇನ್ನೂರು ಗಜ ನಡೆದು ಹೋಗಿ, ಹುಡುಕಿ, ಸಿಗದೆ ಮತ್ತೆ ಟೀಗೆ ವಾಪಸ್ ಬರುವುದೆಂದರೆ ಹಿಂದೆ ಕಾಯುತ್ತಿರುವವರು ಶಾಪ ಹಾಕುತ್ತಾರೆ. ಅದಕ್ಕೇ ಪ್ರಾವಿಷನಲ್ ಬಾಲ್ ಎಂಬ ಏರ್ಪಾಡು. ಚೆಂಡು ಕಳೆದುಹೋಗಿರಬಹುದು ಅಂತ ಅನುಮಾನ ಬಂದರೆ ಹುಡುಕಲು ಹೋಗುವ ಮುಂಚೆಯೇ ಅಲ್ಲಿಂದಲೇ ಇನ್ನೊಂದು ಚೆಂಡು ಹೊಡೆದಿಟ್ಟುಕೊಳ್ಳಬಹುದು. ಮೊದಲಿನದು ಸಿಗದಿದ್ದರೆ ಇದರಲ್ಲಿ ಮುಂದುವರಿ. ಸಿಕ್ಕರೆ ಇದನ್ನು ಎತ್ತಿ ಜೇಬಿಗೆ ಹಾಕು, ಅದಕ್ಕೆ ಲೆಕ್ಕವೇ ಇಲ್ಲ.

ಆದರೆ ಹೊಡೆಯುವ ಮೊದಲು ಬಾಯಿಬಿಟ್ಟು ಹೇಳಬೇಕು. ನಾನು ಜೇಬಿಂದ ಇನ್ನೊಂದು ಚೆಂಡು ತೆಗೆದು "ಇನ್ನೊಂದು ಹೊಡೀತೀನಿ ಭಾವ" ಎಂದೆ. ಕ್ಯಾಡಿ ಗಾಬರಿಯಿಂದ ಕೈ ಅಡ್ಡ ಹಿಡಿದರು. "ಹಂಗಂದ್ರೆ ಆಗಲ್ಲ ಸಾರ್. ಪ್ರಾವಿಷನಲ್ ಅನ್ನಿ!" ಅವರು ಹೇಳಿದ್ದು ಸರಿ. ಸುಮ್ನೆ "ಇನ್ನೊಂದು" ಅಂದರೆ ಮೊದಲ ಚೆಂಡನ್ನು ಕೈಬಿಟ್ಟ ಹಾಗೆ. ಅದು ಆಮೇಲೆ ಫೇರ್‌ವೇ ನಟ್ಟನಡುವೆ ಸಿಕ್ಕರೂ ಪ್ರಯೋಜನ ಇಲ್ಲ. ಇಡೀ ಪುಸ್ತಕದಲ್ಲಿ ಒಂದು ಮಾತು ಆಡದೇ ಹೋದದ್ದಕ್ಕೆ ಇಷ್ಟು ನಷ್ಟ ಆಗುವ ಜಾಗ ಇನ್ನೊಂದು ನನಗೆ ಕಂಡಿಲ್ಲ.

"ಪ್ರಾವಿಷನಲ್" ಎಂದು ಹೇಳಿ ಹೊಡೆದೆ. ನೇರ ಹೋಗಿ ಫೇರ್‌ವೇ ಮಧ್ಯೆ ಕೂತಿತು. ಹೀಗೇ ಆಗುವುದು, ಲೆಕ್ಕಕ್ಕಿಲ್ಲದ ಚೆಂಡು ಯಾವಾಗಲೂ ನೇರ ಹೋಗುತ್ತದೆ.

ಹುಡುಕಲು ಸಿಗುವುದು ಮೂರು ನಿಮಿಷ. 2019ಕ್ಕೆ ಮೊದಲು ಐದು ಇತ್ತು. ನೀವೋ ನಿಮ್ಮ ಕ್ಯಾಡಿಯೋ ಹುಡುಕಲು ಶುರು ಮಾಡಿದ ಕ್ಷಣದಿಂದ ಲೆಕ್ಕ. ಮೂರು ನಿಮಿಷ ಒಂದು ಸೆಕೆಂಡಿಗೆ ಸಿಕ್ಕ ಚೆಂಡು ಕಳೆದುಹೋದ ಚೆಂಡೇ. ಹುಡುಕುವಾಗ ಗೊತ್ತಿಲ್ಲದೆ ಕಾಲು ತಾಗಿ ಅದು ಅಲ್ಲಾಡಿದರೆ ದಂಡ ಇಲ್ಲ, ಇದ್ದಲ್ಲೇ ಇಟ್ಟರೆ ಆಯಿತು. ನಮ್ಮದು ಎರಡೂವರೆ ನಿಮಿಷಕ್ಕೆ ಸಿಕ್ಕಿತು, ಲಂಟಾನದ ಬುಡದಲ್ಲಿ, ಮುಳ್ಳಿನ ನಡುವೆ. ಬಿಳಿ ಗೂಟದಿಂದ ಈಚೆಗೇ ಇತ್ತು. ನನ್ನದೇ ಎಂದು ಗೊತ್ತಾದದ್ದು ಹೇಗೆ? ಬೆಳಗ್ಗೆ ಭಾವ ಮಾರ್ಕರ್ ಪೆನ್ನಿನಲ್ಲಿ ಅದರ ಮೇಲೆ ಮೂರು ಕೆಂಪು ಚುಕ್ಕೆ ಹಾಕಿಸಿದ್ದರು. ಒಂದೇ ಕಂಪನಿಯ ಒಂದೇ ನಂಬರಿನ ಚೆಂಡು ಹತ್ತು ಜನರ ಹತ್ತಿರ ಇರುತ್ತದೆ. ಬೇರೆಯವರ ಚೆಂಡು ಹೊಡೆದರೆ ಎರಡು ಹೊಡೆತ ದಂಡ, ಆಮೇಲೆ ಹಿಂದೆ ಬಂದು ಸರಿಯಾದ ಚೆಂಡನ್ನು ಹೊಡೆದು ತಪ್ಪು ತಿದ್ದಿಕೊಳ್ಳಬೇಕು.

ಚೆಂಡು ಸಿಕ್ಕಿದ್ದರಿಂದ ಫೇರ್‌ವೇ ಮಧ್ಯೆ ಕೂತಿದ್ದ ಆ ಚೆಂದದ ಪ್ರಾವಿಷನಲ್ ಎತ್ತಿಕೊಳ್ಳಬೇಕಾಯಿತು. "ಹುಡುಕದೇ ಇದ್ದಿದ್ರೆ ಚೆನ್ನಾಗಿತ್ತಲ್ವಾ?" ಎಂದೆ. ಹುಡುಕಲೇಬೇಕು ಅಂತ ನಿಯಮ ಇಲ್ಲವಂತೆ. ಆದರೆ ಬೇರೆಯವರು ಹುಡುಕಬಾರದು ಅಂತ ತಡೆಯುವ ಹಕ್ಕೂ ನಮಗಿಲ್ಲ.

ಮುಳ್ಳಿಗೆ ದಂಡ, ಹಾವಿಗೆ ಮಾಫಿ

ಮುಳ್ಳಿನ ನಡುವಿಂದ ಹೊಡೆಯಲು ಸಾಧ್ಯವೇ ಇಲ್ಲ. ಇಂಥ ಹೊತ್ತಿಗೆ ಇರುವುದು ಅನ್‌ಪ್ಲೇಯಬಲ್ ಬಾಲ್. ಚೆಂಡು ಆಡಲು ಬರುವುದಿಲ್ಲ ಎಂದು ತೀರ್ಮಾನ ಮಾಡುವ ಹಕ್ಕು ಆಟಗಾರನೊಬ್ಬನದೇ, ಯಾರನ್ನೂ ಕೇಳಬೇಕಾಗಿಲ್ಲ. ದರ ಒಂದು ಹೊಡೆತ. ಮೂರು ದಾರಿ ಇವೆ. ಮೊದಲು ಹೊಡೆದ ಜಾಗಕ್ಕೇ ವಾಪಸ್ ಹೋಗಬಹುದು. ಗುಂಡಿ ಮತ್ತು ಚೆಂಡು ಒಂದೇ ನೇರದಲ್ಲಿ ಇರುವ ಹಾಗೆ ಎಷ್ಟು ಬೇಕಾದರೂ ಹಿಂದೆ ಸರಿಯಬಹುದು. ಅಥವಾ ಚೆಂಡು ಇದ್ದಲ್ಲಿಂದ ಎರಡು ಕ್ಲಬ್ ಉದ್ದದೊಳಗೆ, ಗುಂಡಿಗೆ ಹತ್ತಿರವಾಗದ ಹಾಗೆ, ಹೊಸ ಜಾಗದಲ್ಲಿ ಬಿಡಬಹುದು. ಅಳತೆಗೆ ಬ್ಯಾಗಿನಲ್ಲಿರುವ ಅತಿ ಉದ್ದದ ಕ್ಲಬ್ ತೆಗೆದುಕೊಳ್ಳಬೇಕು, ಗ್ರೀನ್ ಮೇಲೆ ಚೆಂಡು ತಳ್ಳುವ ಪಟರ್ ಒಂದನ್ನು ಬಿಟ್ಟು.

ನಾನು ಮೂರನೇ ದಾರಿ ಹಿಡಿದೆ. ಲೆಕ್ಕ ಈಗ ಮೂರು. ಚೆಂಡನ್ನು ಹಳೇ ಸಿನಿಮಾದಲ್ಲಿ ನೋಡಿದ ಹಾಗೆ ಭುಜದ ಎತ್ತರಕ್ಕೆ ಹಿಡಿದೆ. "ಮೊಣಕಾಲು ಸಾರ್, ಮೊಣಕಾಲು!" ಎಂದರು ಕ್ಯಾಡಿ. 2019ರಿಂದ ಚೆಂಡು ಬಿಡಬೇಕಾದದ್ದು ಮೊಣಕಾಲಿನ ಎತ್ತರದಿಂದ, ನೆಟ್ಟಗೆ ನಿಂತಾಗ ಎಷ್ಟು ಎತ್ತರವೋ ಅಷ್ಟು. ಅದು ಅಳತೆ ಮಾಡಿದ ಜಾಗದ ಒಳಗೇ ಬಿದ್ದು ಒಳಗೇ ನಿಲ್ಲಬೇಕು. ಉರುಳಿ ಆಚೆ ಹೋದರೆ ಇನ್ನೊಂದು ಸಲ. ಆಗಲೂ ಹೋದರೆ ಎರಡನೇ ಸಲ ನೆಲಕ್ಕೆ ಎಲ್ಲಿ ತಾಗಿತೋ ಅಲ್ಲಿ ಕೈಯಲ್ಲಿ ಇಟ್ಟುಬಿಡುವುದು.

ಲಂಟಾನದ ಮುಳ್ಳಿಗೆ ನಾನು ಒಂದು ಹೊಡೆತ ತೆತ್ತೆ. ಅದೇ ಚೆಂಡು ಹೊಡೆಯಬಹುದಾದ ಜಾಗದಲ್ಲಿದ್ದು, ಪಕ್ಕ ನಾಗರಹಾವು ಇದ್ದಿದ್ದರೆ? ಹೆಜ್ಜೇನು ಕಟ್ಟಿದ್ದರೆ? ಪುಕ್ಕಟೆ. ಅಪಾಯಕಾರಿ ಪ್ರಾಣಿ ಇದ್ದರೆ ದಂಡವಿಲ್ಲದೆ ಸರಿಯಬಹುದು ಎಂದು ನಿಯಮದಲ್ಲೇ ಇದೆ. ಮುಳ್ಳು, ಕಳ್ಳಿ ಇಂಥವಕ್ಕೆ ಈ ರಿಯಾಯಿತಿ ಇಲ್ಲ. ಕಾಗೆಯೋ ಬೀದಿನಾಯಿಯೋ ಕೋತಿಯೋ ನಿಂತಿದ್ದ ಚೆಂಡನ್ನು ಎತ್ತಿಕೊಂಡು ಹೋದದ್ದು ಕಣ್ಣಾರೆ ಕಂಡರೆ ಅದೂ ಪುಕ್ಕಟೆ. ಮೊದಲಿದ್ದ ಜಾಗದಲ್ಲಿ ಇನ್ನೊಂದು ಚೆಂಡು ಇಟ್ಟು ಆಡಬಹುದು.

ನಾಲ್ಕನೇ ಹೊಡೆತ ಪೊದೆಯ ಪಕ್ಕದಿಂದ ಫೇರ್‌ವೇಗೆ ಬಂತು. ಆದರೆ ಹಿಂದಿನ ರಾತ್ರಿ ಮಳೆ ಸುರಿದಿತ್ತು. ಚೆಂಡು ಸಣ್ಣ ನೀರಿನ ಹೊಂಡದಲ್ಲಿ ಕೂತಿತ್ತು. ಮಳೆನೀರು ಮೈದಾನದ ಖಾಯಂ ಭಾಗ ಅಲ್ಲ, ಹಾಗಾಗಿ ಪುಕ್ಕಟೆ. ಗಾಡಿ ಓಡಾಡುವ ಸಿಮೆಂಟ್ ದಾರಿ, ನೀರು ಚಿಮ್ಮಿಸುವ ಸ್ಪ್ರಿಂಕ್ಲರ್, ಪ್ರಾಣಿ ತೋಡಿದ ಬಿಲ, ರಿಪೇರಿ ನಡೆಯುತ್ತಿದೆ ಎಂದು ಗುರುತು ಹಾಕಿದ ಜಾಗ, ಇವಕ್ಕೂ ಇದೇ. ಅಡ್ಡಿ ಪೂರ್ತಿ ತಪ್ಪುವ, ಗುಂಡಿಗೆ ಹತ್ತಿರವಾಗದ ಅತಿ ಸಮೀಪದ ಬಿಂದು ಹುಡುಕಿ, ಅಲ್ಲಿಂದ ಒಂದು ಕ್ಲಬ್ ಉದ್ದದೊಳಗೆ ಚೆಂಡು ಬಿಡಬೇಕು. ಇದು ಅತಿ ಸಮೀಪದ ಜಾಗ, ಅತಿ ಚೆಂದದ ಜಾಗ ಅಲ್ಲ. ಸಿಮೆಂಟ್ ದಾರಿಯಿಂದ ತಪ್ಪಿಸಿಕೊಳ್ಳಲು ಹೋಗಿ ಪೊದೆಯೊಳಗೆ ಚೆಂಡು ಬಿಡಬೇಕಾದ ಪ್ರಸಂಗ ಎಷ್ಟೋ. ಅಂಥ ಕಡೆ ಕ್ಯಾಡಿಗಳು "ಇದ್ದಲ್ಲಿಂದಲೇ ಹೊಡೀರಿ ಸಾರ್" ಅನ್ನುತ್ತಾರೆ. ಕೇಳುವುದು ಒಳ್ಳೆಯದು.

ಇನ್ನೊಂದು ಚಿಕ್ಕ ವಿಚಾರ, ಜನ ತಪ್ಪುವುದು ಇದರಲ್ಲೇ ಜಾಸ್ತಿ. ಒಣ ಎಲೆ, ಕಡ್ಡಿ, ಕಲ್ಲು, ಸೆಗಣಿ ಇವೆಲ್ಲ ಬಿಡಿ ವಸ್ತುಗಳು, ಪಕ್ಕಕ್ಕೆ ಸರಿಸಬಹುದು. ಆದರೆ ಸರಿಸುವಾಗ ಚೆಂಡು ಅಲ್ಲಾಡಿದರೆ ಒಂದು ಹೊಡೆತ ದಂಡ. ಗ್ರೀನ್ ಮೇಲಾದರೆ ಮಾತ್ರ ಇಲ್ಲ. ನೀರಿನ ಬಾಟಲಿ, ಮರಳು ಎಳೆಯುವ ರೇಕ್, ಬಿಸಾಡಿದ ಚಿಪ್ಸ್ ಪೊಟ್ಟಣ ಮನುಷ್ಯ ಮಾಡಿದ ವಸ್ತು. ಅವನ್ನು ತೆಗೆಯುವಾಗ ಚೆಂಡು ಅಲ್ಲಾಡಿದರೆ ದಂಡ ಇಲ್ಲ. ಕೆರೆ, ಹಳ್ಳದ ಗಡಿ ತೋರಿಸುವ ಕೆಂಪು, ಹಳದಿ ಗೂಟ ಅಡ್ಡ ಬಂದರೆ ಕಿತ್ತು ಹೊಡೆದು ಮತ್ತೆ ನೆಡಬಹುದು. ಬಿಳಿ ಗೂಟವನ್ನು ಮಾತ್ರ ಮುಟ್ಟುವ ಹಾಗಿಲ್ಲ. ಅದು ಗಡಿಕಲ್ಲು ಇದ್ದ ಹಾಗೆ. ಹೊಲದ ಗಡಿಕಲ್ಲು ಸರಿಸಿದರೆ ಏನಾಗುತ್ತದೆ ಅಂತ ನಮ್ಮೂರಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಮರಳು

ಐದನೇ ಹೊಡೆತಕ್ಕೆ ಯಾವ ಕ್ಲಬ್ ತೆಗೆಯಲಿ ಎಂದು ಭಾವನನ್ನು ಕೇಳಲು ಬಾಯಿ ತೆರೆದೆ. ಅವರು ತುಟಿ ಮೇಲೆ ಬೆರಳಿಟ್ಟರು. ಎದುರಾಳಿಯ ಹತ್ತಿರ ಸಲಹೆ ಕೇಳುವುದೇ ತಪ್ಪು, ಎರಡು ಹೊಡೆತ ದಂಡ. ಗ್ರೀನ್ ಎಷ್ಟು ದೂರ ಇದೆ ಅಂತ ಕೇಳಬಹುದು, ಅದು ಎಲ್ಲರಿಗೂ ಗೊತ್ತಾಗುವ ವಿಷಯ. ಯಾವ ಕ್ಲಬ್, ಹೇಗೆ ಹೊಡೆಯಲಿ ಅಂತ ಕೇಳಬೇಕಾದದ್ದು ಕ್ಯಾಡಿಯನ್ನು. ಅವರು ಸೆವೆನ್ ಐರನ್ ಕೊಟ್ಟರು. ನಾನು ಅದನ್ನು ಹೊಡೆದು ಗ್ರೀನ್ ಪಕ್ಕದ ಬಂಕರ್‌ಗೆ ಕಳಿಸಿದೆ. ಬಂಕರ್ ಅಂದರೆ ಮರಳು ತುಂಬಿದ ತಗ್ಗು.

ಬಂಕರ್‌ನಲ್ಲಿ ಹೊಡೆಯುವ ಮೊದಲು ಕ್ಲಬ್ಬಿನಿಂದ ಚೆಂಡಿನ ಹಿಂದೆ ಮುಂದೆ ಮರಳು ಮುಟ್ಟುವಂತಿಲ್ಲ. ಅಭ್ಯಾಸಕ್ಕೆ ಬೀಸುವಾಗ ಮುಟ್ಟುವಂತಿಲ್ಲ. ಹಿಂದಕ್ಕೆ ಎತ್ತುವಾಗಲೂ ತಾಗಬಾರದು. ಎಲೆ, ಕಲ್ಲು ತೆಗೆಯಬಹುದು, ಅದು 2019ರಲ್ಲಿ ಬಂದ ಸಡಿಲಿಕೆ. ಯಾಕೆ ಇಷ್ಟು ಕಟ್ಟುನಿಟ್ಟು? ಮರಳು ಎಷ್ಟು ಮೃದು, ಎಷ್ಟು ಗಟ್ಟಿ ಅಂತ ಊಹಿಸಿ ಹೊಡೆಯುವುದೇ ಅಲ್ಲಿನ ಪರೀಕ್ಷೆ. ಮೊದಲೇ ಮುಟ್ಟಿ ನೋಡಿದರೆ ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆ ನೋಡಿದ ಹಾಗೆ.

2010ರ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ಅಮೆರಿಕದ ಹೆಸರಾಂತ ಆಟಗಾರ ಡಸ್ಟಿನ್ ಜಾನ್ಸನ್ ಇದೇ ತಪ್ಪು ಮಾಡಿದರು. ಕೊನೆಯ ದಿನದ ಕೊನೆಯ ಹೋಲ್. ವಿಸ್ಲಿಂಗ್ ಸ್ಟ್ರೇಟ್ಸ್ ಕೋರ್ಸ್‌ನಲ್ಲಿ ಬಂಕರ್‌ಗಳು ಸಾವಿರದ ಹತ್ತಿರ. ಪ್ರೇಕ್ಷಕರು ತುಳಿದಾಡಿದ ಮಣ್ಣಿನ ಜಾಗ ಅಂದುಕೊಂಡು ಅವರು ಕ್ಲಬ್ ನೆಲಕ್ಕೆ ಊರಿದರು. ಅದು ಬಂಕರ್ ಆಗಿತ್ತು. ಎರಡು ಹೊಡೆತ ದಂಡ ಬಿದ್ದು ಪ್ಲೇಆಫ್ ಆಡುವ ಅವಕಾಶವೇ ಹೋಯಿತು. ಅಂಥವರಿಗೇ ಹಾಗಾದರೆ ನಾನು ಯಾವ ಲೆಕ್ಕ? ಬಂಕರ್‌ಗೆ ಇಳಿದು, ಕಾಲು ಊರಿ, ಅಭ್ಯಾಸಕ್ಕೆ ಒಂದು ಸಲ ಬೀಸಿ ಮರಳು ಹಾರಿಸಿಬಿಟ್ಟೆ. ಕ್ಯಾಡಿ ಕಣ್ಣು ಮುಚ್ಚಿಕೊಂಡರು. ಐದಕ್ಕೆ ಎರಡು ಸೇರಿ ಏಳು. ಎಂಟನೇ ಹೊಡೆತಕ್ಕೆ ಚೆಂಡು ಮರಳಿನ ಜೊತೆ ಎದ್ದು ಗ್ರೀನ್ ಮೇಲೆ ಬಿತ್ತು.

ನನ್ನ ಹೋಲ್‌ನಲ್ಲಿ ಕೆರೆ ಇರಲಿಲ್ಲ, ಮುಂದಿನದರಲ್ಲಿ ಇತ್ತು. ಅದರ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆರೆ, ಹಳ್ಳ ಇರುವ ಕಡೆ ಹಳದಿ ಅಥವಾ ಕೆಂಪು ಗೂಟ ಇರುತ್ತದೆ, ಆ ಜಾಗಕ್ಕೆ ಪೆನಾಲ್ಟಿ ಏರಿಯಾ ಅಂತ ಹೆಸರು. ಚೆಂಡು ಕಾಣಿಸುತ್ತಿದ್ದರೆ, ಧೈರ್ಯ ಇದ್ದರೆ, ದಂಡವಿಲ್ಲದೆ ಇದ್ದಲ್ಲಿಂದ ಹೊಡೆಯಬಹುದು. ಇಲ್ಲದಿದ್ದರೆ ಒಂದು ಹೊಡೆತ ಕೊಟ್ಟು, ಮೊದಲಿನ ಜಾಗಕ್ಕೆ ಹೋಗಬಹುದು, ಅಥವಾ ಚೆಂಡು ಗಡಿ ದಾಟಿದ ಬಿಂದು ಮತ್ತು ಗುಂಡಿಯ ನೇರದಲ್ಲಿ ಹಿಂದೆ ಸರಿಯಬಹುದು. ಗೂಟ ಕೆಂಪಾಗಿದ್ದರೆ ಇನ್ನೊಂದು ಸೌಲಭ್ಯ ಉಂಟು: ದಾಟಿದ ಬಿಂದುವಿನಿಂದ ಎರಡು ಕ್ಲಬ್ ಉದ್ದದೊಳಗೆ ಬಿಡಬಹುದು. ಹಾಗಾಗಿ ಹೊಸಬರಿಗೆ ಕೆಂಪು ಗೂಟ ಹಳದಿಗಿಂತ ಎಷ್ಟೋ ಮೇಲು.

ಗ್ರೀನ್ ಮೇಲೆ

ಗುಂಡಿಯ ಅಗಲ 108 ಮಿಲಿಮೀಟರ್. ಚೆಂಡಿನ ಅಗಲ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಎರಡು ಚೆಂಡು ಒಟ್ಟಿಗೆ ಹಿಡಿಸುವಷ್ಟು ದೊಡ್ಡ ಗುಂಡಿ ಅದು. ಟೀವಿಯಲ್ಲಿ ನೋಡುವಾಗ "ಅಷ್ಟು ಹತ್ತಿರದಿಂದ ಹಾಕೋಕಾಗಲ್ವಾ?" ಅನಿಸುತ್ತದೆ. ನಿಂತು ನೋಡಿದರೆ ಗೊತ್ತಾಗುತ್ತದೆ.

ಇಲ್ಲಿ ನಿಯಮಗಳು ಇದ್ದಕ್ಕಿದ್ದಂತೆ ಕರುಣೆ ತೋರಿಸುತ್ತವೆ. ಚೆಂಡನ್ನು ಎತ್ತಿ ಒರೆಸಬಹುದು. ಎತ್ತುವ ಮೊದಲು ಅದರ ಹಿಂದೆ ಗುರುತು ಇಡಬೇಕು, ಒಂದು ರೂಪಾಯಿ ನಾಣ್ಯ ಸಾಕು. ಚೆಂಡು ಬಿದ್ದು ಆದ ಗುಳಿ, ಶೂ ಗುರುತು ಸರಿಮಾಡಬಹುದು. ಅಕಸ್ಮಾತ್ ಕಾಲು ತಾಗಿ ಚೆಂಡು ಅಲ್ಲಾಡಿದರೂ ದಂಡ ಇಲ್ಲ. ಬಾವುಟದ ಕಂಬವನ್ನು 2019ರಿಂದ ಗುಂಡಿಯಲ್ಲೇ ಬಿಟ್ಟು ಹೊಡೆಯಬಹುದು. ನಿಯಮಕ್ಕಿಂತ ಮರ್ಯಾದೆಯ ವಿಷಯ ಇನ್ನೊಂದು: ಬೇರೆಯವರ ಚೆಂಡಿಗೂ ಗುಂಡಿಗೂ ನಡುವಿನ ದಾರಿಯನ್ನು ತುಳಿಯಬೇಡಿ, ನಿಮ್ಮ ನೆರಳೂ ಅಲ್ಲಿ ಬೀಳದಿರಲಿ.

ಒಂಬತ್ತನೇ ಹೊಡೆತ. ಚೆಂಡು ಉರುಳಿ ಉರುಳಿ ಗುಂಡಿಯ ಅಂಚಿಗೆ ಬಂದು ಇಣುಕಿ ನೋಡುತ್ತಾ ನಿಂತಿತು. ಇದಕ್ಕೂ ನಿಯಮ ಇದೆ! ಗುಂಡಿಯ ಹತ್ತಿರ ನಡೆದು ಹೋಗುವಷ್ಟು ಸಮಯ, ಆಮೇಲೆ ಹತ್ತು ಸೆಕೆಂಡ್ ಕಾಯಬಹುದು. ಅಷ್ಟರೊಳಗೆ ಬಿದ್ದರೆ ನಿಮ್ಮ ಪುಣ್ಯ. ಹತ್ತು ಸೆಕೆಂಡ್ ಆದಮೇಲೆ ಬಿದ್ದರೆ ಬಿದ್ದದ್ದು ಸರಿ, ಆದರೆ ಒಂದು ಹೊಡೆತ ಸೇರಿಸಬೇಕು. ಭಾವ ಗಟ್ಟಿಯಾಗಿ ಎಣಿಸಿದರು. ಬೀಳಲಿಲ್ಲ. ಬೆರಳು ತಾಗಿಸಿದ ಹಾಗೆ ಪಟರ್ ತಾಗಿಸಿದೆ, ಟಕ್ ಎಂದು ಬಿತ್ತು. ಹತ್ತು.

ಚೀಟಿಗೆ ಹೊಣೆ ನೀವೇ

ಗಾಲ್ಫ್‌ನಲ್ಲಿ ಹೆಚ್ಚಿನ ಸಮಯ ಅಂಪೈರ್ ಇರುವುದಿಲ್ಲ. ನಿಮ್ಮ ಅಂಕದ ಚೀಟಿ ಬರೆಯುವುದು ಜೊತೆಗೆ ಆಡುವ ಇನ್ನೊಬ್ಬರು, ಅವರಿಗೆ ಮಾರ್ಕರ್ ಎನ್ನುತ್ತಾರೆ. ಕೊನೆಗೆ ನೀವು ನೋಡಿ ಸಹಿ ಹಾಕಬೇಕು. ನಿಮ್ಮ ತಪ್ಪನ್ನು ನೀವೇ ಹೇಳಬೇಕು. 1925ರ ಯುಎಸ್ ಓಪನ್‌ನಲ್ಲಿ ಬಾಬಿ ಜೋನ್ಸ್ ಹುಲ್ಲಿನಲ್ಲಿದ್ದ ತನ್ನ ಚೆಂಡು ಚೂರು ಅಲ್ಲಾಡಿತು ಎಂದು ತಾವೇ ಒಂದು ದಂಡ ಹಾಕಿಕೊಂಡರು. ಬೇರೆ ಯಾರೂ ನೋಡಿರಲಿಲ್ಲ. ಆ ಒಂದರಿಂದಾಗಿ ಟೈ ಆಗಿ, ಪ್ಲೇಆಫ್‌ನಲ್ಲಿ ಸೋತರು.

ಸಹಿಯ ವಿಷಯದಲ್ಲಿ ಇನ್ನೂ ಕ್ರೂರ ಕಥೆ 1968ರ ಮಾಸ್ಟರ್ಸ್ ಪಂದ್ಯಾವಳಿಯದು. ಅರ್ಜೆಂಟೀನಾದ ರಾಬರ್ಟೋ ಡಿ ವಿಸೆಂಜೊ ಕೊನೆಯ ದಿನ ಅದ್ಭುತವಾಗಿ ಆಡಿದರು. ಅವತ್ತು ಅವರ ಹುಟ್ಟುಹಬ್ಬ ಬೇರೆ. 17ನೇ ಹೋಲ್‌ನಲ್ಲಿ ಅವರು 3 ಹೊಡೆದದ್ದನ್ನು ಇಡೀ ಜಗತ್ತು ಟೀವಿಯಲ್ಲಿ ನೋಡಿತ್ತು. ಮಾರ್ಕರ್ ಕಣ್ತಪ್ಪಿನಿಂದ 4 ಬರೆದರು. ಡಿ ವಿಸೆಂಜೊ ನೋಡದೆ ಸಹಿ ಹಾಕಿದರು. ನಿಯಮ ಏನೆಂದರೆ, ನಿಜಕ್ಕಿಂತ ಜಾಸ್ತಿ ಅಂಕಕ್ಕೆ ಸಹಿ ಹಾಕಿದರೆ ಆ ಜಾಸ್ತಿ ಅಂಕವೇ ಖಾಯಂ. ಕಡಿಮೆಗೆ ಹಾಕಿದರೆ ಅನರ್ಹತೆ. 65 ಹೊಡೆದವರ ಚೀಟಿಯಲ್ಲಿ 66 ಉಳಿಯಿತು. ಬಾಬ್ ಗೋಲ್ಬಿ ಜೊತೆ ಸಮ ಆಗಿ ಪ್ಲೇಆಫ್ ಆಡಬೇಕಾಗಿದ್ದವರು ಒಂದು ಹೊಡೆತಕ್ಕೆ ಸೋತರು. ನನಗೆ ಈ ನಿಯಮ ಈಗಲೂ ಅತಿ ಅನಿಸುತ್ತದೆ. ಆದರೆ ಅದಿನ್ನೂ ಪುಸ್ತಕದಲ್ಲಿದೆ.

ಹೊರಡುವ ಮುಂಚೆ ಬ್ಯಾಗ್ ಕೂಡ ಎಣಿಸಿ. 14ಕ್ಕಿಂತ ಜಾಸ್ತಿ ಕ್ಲಬ್ ಇರಬಾರದು. 2001ರ ಬ್ರಿಟಿಷ್ ಓಪನ್‌ನ ಕೊನೆಯ ದಿನ ಇಯಾನ್ ವೂಸ್ನಮ್ ಮೊದಲ ಹೋಲ್‌ನಲ್ಲಿ ಬರ್ಡಿ ಹೊಡೆದು ಮುಂಚೂಣಿಗೆ ಬಂದಿದ್ದರು. ಎರಡನೇ ಟೀ ಮೇಲೆ ಕ್ಯಾಡಿ ಮೆಲ್ಲಗೆ ಹೇಳಿದ, ಬ್ಯಾಗಿನಲ್ಲಿ 15 ಇವೆ, ಡ್ರೈವರ್ ಎಂಬ ಉದ್ದ ಕ್ಲಬ್ ಎರಡಿವೆ, ಒಂದನ್ನು ತೆಗೆಯುವುದು ಮರೆತುಹೋಯಿತು ಅಂತ. ಎರಡು ಹೊಡೆತ ದಂಡ.

ಚೆಂಡು ಯಾರ ಕಡೆಗಾದರೂ ಹಾರಿದರೆ ಗಟ್ಟಿಯಾಗಿ "ಫೋರ್!" ಎಂದು ಕೂಗಿ, ನಾಚಿಕೆ ಬೇಡ. 45 ಗ್ರಾಂ ತೂಗುವ ಆ ಚೆಂಡು ತಲೆಗೆ ಬಿದ್ದರೆ ಆಟ ಅಲ್ಲ. ಬಂಕರ್‌ನಿಂದ ಬರುವಾಗ ನಿಮ್ಮ ಹೆಜ್ಜೆ ಗುರುತು ರೇಕ್‌ನಿಂದ ಎಳೆದು ಬನ್ನಿ. ಗುಂಡಿಯಿಂದ ದೂರ ಇರುವವರು ಮೊದಲು ಹೊಡೆಯುವುದು ವಾಡಿಕೆ, ಆದರೆ ಯಾರು ಸಿದ್ಧರಿದ್ದಾರೋ ಅವರು ಹೊಡೆದರೆ ಈಗ ಯಾರೂ ಬೇಸರ ಮಾಡುವುದಿಲ್ಲ.

ಇನ್ನು ನನ್ನ ಹತ್ತರ ಕಥೆ. ಗ್ರೀನ್‌ನಿಂದ ಇಳಿಯುವಾಗ ಭಾವ ಪೆನ್ಸಿಲ್ ತೆಗೆದು "ಎಷ್ಟು?" ಎಂದು ಕೇಳಿದರು. ನಾನು ಬೆರಳು ಮಡಚಿ ಎಣಿಸಿ "ಏಳು" ಎಂದೆ. ಗಾಳಿಗೆ ಹೊಡೆದದ್ದನ್ನೂ ಮರಳಿನ ಎರಡನ್ನೂ ನನ್ನ ಬೆರಳುಗಳು ಹೇಗೋ ಬಿಟ್ಟುಬಿಟ್ಟಿದ್ದವು. ಕ್ಯಾಡಿ ಬಾವುಟ ನೆಡುತ್ತಾ ಆ ಕಡೆ ನೋಡಿಕೊಂಡೇ "ಹತ್ತು ಸಾರ್" ಎಂದರು.

ಗಾಲ್ಫ್ ಸಂಘಗಳಲ್ಲಿ ಜಾಸ್ತಿ ಆಡುವುದು ಸ್ಟೇಬಲ್‌ಫೋರ್ಡ್ ಎಂಬ ಪದ್ಧತಿ. ಅದರಲ್ಲಿ ಪಾರ್‌ಗೆ 2 ಅಂಕ, ಬರ್ಡಿಗೆ 3, ಬೋಗಿಗೆ 1. ಅದಕ್ಕಿಂತ ಕೆಟ್ಟದಾದರೆ ಸೊನ್ನೆ, ಚೆಂಡು ಎತ್ತಿಕೊಂಡು ಮುಂದೆ ನಡೆಯಬಹುದು. ಹೊಸಬರಿಗೆ ಹ್ಯಾಂಡಿಕ್ಯಾಪ್ ಎಂಬ ರಿಯಾಯಿತಿ ಹೊಡೆತಗಳೂ ಸಿಗುತ್ತವೆ, ಗರಿಷ್ಠ 54. ಆ ಹ್ಯಾಂಡಿಕ್ಯಾಪ್ ಇನ್ನೂ ಸಿಗದವರ ಲೆಕ್ಕ ಹಾಕುವಾಗ ಒಂದು ಹೋಲ್‌ಗೆ ಪಾರ್ ಮೇಲೆ ಐದಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ.

"ಅಂದ್ರೆ ಒಂಬತ್ತು ಅಂತ ಬರೀಬಹುದಾ ಭಾವ?" ಎಂದೆ.

"ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಒಂಬತ್ತು ಕಣೋ. ಚೀಟಿಗೆ ಹತ್ತೇ," ಎಂದು ಭಾವ 10 ಬರೆದು, ಸುತ್ತ ಒಂದು ದುಂಡಗಿನ ಗೆರೆ ಎಳೆದು, ಎರಡನೇ ಟೀ ಕಡೆ ನಡೆದರು. ಅಲ್ಲಿ ಕೆರೆ ಇತ್ತು. ಗೂಟ ಹಳದಿ.